ಜಡ್ಜಮ್ಮನೂ ನಮ್ಮ ದೇವರ ಮನೆ ಬಾಗಿಲೂ

ನಮ್ಮ ಮೇಲಿನ ಫ್ಲಾಟಿನವರು ಅಡುಗೆಮನೆ ಒಡೆಸಿ ಹೊಸದು ಮಾಡಿಸುತ್ತಿದ್ದಾರೆ. ಒಂದು ವಾರದಿಂದ ತಲೆಯ ಮೇಲೆ ಗರಗಸದ ಸದ್ದು. ನಿನ್ನೆ ತಡೆಯಲಾರದೆ, ಮಾತುಗಳನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡು ಮೆಟ್ಟಿಲು ಹತ್ತಿದೆ. ಬಾಗಿಲಲ್ಲೇ ಆಗತಾನೆ ಕೊಯ್ದ ತೇಗದ ವಾಸನೆ. ಬೈಯಲು ಹೋದವಳು ಬಡಗಿಗೆ "ಮರ ಚೆನ್ನಾಗಿದೆ" ಎಂದು ಸರ್ಟಿಫಿಕೇಟು ಕೊಟ್ಟು ಇಳಿದುಬಂದೆ. ನೀವು ನಗಬಹುದು. ಆದರೆ ನನಗೆ ತೇಗದ ವಾಸನೆ ಎಂದರೆ ಜಡ್ಜಮ್ಮ.

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದಲ್ಲಿ ಆಗ ಮನೆಗಳಿಗಿಂತ ಪಾಯದ ಗುಂಡಿಗಳೇ ಹೆಚ್ಚು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಅಲ್ಲೊಂದು ಸೈಟು ಹಿಡಿದು ಮನೆ ಕಟ್ಟಿಸುತ್ತಿದ್ದರು. ಅದು ಮುಗಿಯುವವರೆಗೆ ಎರಡು ರಸ್ತೆ ಆಚೆ ಬಾಡಿಗೆಗಿದ್ದೆವು. ಎದುರು ಮನೆಯಲ್ಲಿ ಜಡ್ಜಮ್ಮ.

ಅವರ ಹೆಸರು ಎಸ್ತರ್. ಮದುವೆಯಾಗಿರಲಿಲ್ಲ. ಬಿಳಿ ಸೀರೆ, ಗಂಡಸರ ಗಡಿಯಾರ, ಉದ್ದನೆಯ ಕೊಡೆ. ಮಕ್ಕಳ ನ್ಯಾಯಾಲಯದಲ್ಲಿ ಮ್ಯಾಜಿಸ್ಟ್ರೇಟು. ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು ಇವರೇ ಎಂದು ಅಪ್ಪ ಹೇಳುತ್ತಿದ್ದರು. ಹೆಮ್ಮೆಯಿಂದಲೋ ಆತಂಕದಿಂದಲೋ ಗೊತ್ತಾಗುತ್ತಿರಲಿಲ್ಲ. ನಮ್ಮಜ್ಜಿಗೆ ಬೇಕಾದದ್ದು ಬೇರೆ ವಿಷಯ. ಮೊದಲ ದಿನವೇ ಗೇಟಿನಲ್ಲಿ ನಿಲ್ಲಿಸಿ ಕೇಳಿದರು: "ನೀವು ಯಾವ ಜನ?"

"ಯಹೂದಿಗಳು, ಅಮ್ಮ. ನಮ್ಮ ತಾತ ಬಾಗ್ದಾದಿನಿಂದ ಬಂದೋರು. ನಾನು ಇಲ್ಲೇ ದಂಡಿನಲ್ಲಿ, ಕಂಟೋನ್ಮೆಂಟಿನಲ್ಲಿ ಹುಟ್ಟಿದವಳು."

ಕಿವಿ ಮಂದವಾಗಿದ್ದ ಅಜ್ಜಿ ಮನೆಯೊಳಗೆ ಬಂದು ವರದಿ ಒಪ್ಪಿಸಿದರು: "ಯಾದವರಂತೆ. ಸಾಕ್ಷಾತ್ ಕೃಷ್ಣನ ವಂಶ!" ಶುಕ್ರವಾರ ಸಂಜೆ ಆಕೆ ಎರಡು ದೀಪ ಹಚ್ಚುವುದು ಕಂಡ ಮೇಲಂತೂ ಅನುಮಾನವೇ ಉಳಿಯಲಿಲ್ಲ. ನಾವು ತಿದ್ದಲು ಹೋಗಲಿಲ್ಲ. ಜಡ್ಜಮ್ಮನಿಗೆ ಇದು ತಿಳಿದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಆ ವರ್ಷ ಗೋಕುಲಾಷ್ಟಮಿಯ ಚಕ್ಕುಲಿಯನ್ನು ಹಕ್ಕಿನಿಂದ ಕೇಳಿ ಪಡೆದರು.

ಕಟ್ಟುತ್ತಿದ್ದ ಮನೆಯ ಮರಳುಗುಡ್ಡೆ ನನ್ನ ರಾಜ್ಯವಾಗಿತ್ತು. ನನಗೆ ಹನ್ನೊಂದು ವರ್ಷ. ಅಲ್ಲಿ ನನ್ನ ಜೊತೆಗಾತಿ ಮುನಿ, ಮುನಿಯಮ್ಮ. ಅವಳ ಅಪ್ಪ ಕಲ್ಲು ಒಡೆಯುವವನು. ಹತ್ತಿರದ ಜೋಪಡಿ ಸಾಲಿನಲ್ಲಿ ಅವರ ವಾಸ. ಅವಳಿಗೆ ಹತ್ತು ವರ್ಷವಾಗಿದ್ದರೂ ಒಲೆ ಹಚ್ಚುವುದರಿಂದ ಹಿಡಿದು ಎಲ್ಲ ಗೊತ್ತಿತ್ತು. ಒಂದು ಗುರುವಾರ ಸಂಜೆ ಅವಳು, "ಅಮ್ಮಂಗೆ ಪಾಪು ಹುಟ್ಟೈತೆ. ನೀರು ಕಾಯ್ಸೋಕೆ ಸೌದೆ ಇಲ್ಲ" ಎಂದಳು. ನಾನು ಮನೆಯ ಯಜಮಾನಿಯ ಗತ್ತಿನಲ್ಲಿ ಗೋಡೆಗೆ ಒರಗಿಸಿದ್ದ ಎರಡು ಹಲಗೆ ತೋರಿಸಿದೆ. "ತಗೊಂಡ್ಹೋಗು. ನಮ್ದೇ ಮನೆ!"

ಅವು ದೇವರ ಮನೆ ಬಾಗಿಲಿಗೆಂದು ಅಪ್ಪ ಆರಿಸಿ ತಂದಿದ್ದ ತೇಗದ ಹಲಗೆಗಳು.

ನಾನು ಮನೆಗೆ ಹೊರಟ ಮೇಲೆ ಕಾವಲಿನವನು ಮುನಿಯನ್ನು ಹಲಗೆಸಮೇತ ಹಿಡಿದ. ಸಾಮಾನು ಕಳುವಾಗುತ್ತಿದೆ ಎಂದು ಮೊದಲೇ ಕುದಿಯುತ್ತಿದ್ದ ಅಪ್ಪ ಪೊಲೀಸರಿಗೆ ದೂರು ಕೊಟ್ಟರು. ಮುನಿ ರಿಮ್ಯಾಂಡ್ ಹೋಮು ಸೇರಿದಳು. ಮನೆಗೆ ಬಂದ ಅಪ್ಪ, "ನಿಮ್ಮ ಮಗಳೇ ಕೊಟ್ಳು ಅಂತಾಳೆ ಆ ಹುಡುಗಿ! ಎಷ್ಟು ಸಲೀಸಾಗಿ ಸುಳ್ಳು ಹೇಳ್ತಾಳೆ ನೋಡು!" ಎಂದು ಅಮ್ಮನ ಮುಂದೆ ಕೂಗಾಡಿದರು. ನಾನು ಭೂಗೋಳದ ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡು ಕೂತಿದ್ದೆ. ಅಷ್ಟು ಶ್ರದ್ಧೆಯಿಂದ ನಾನು ಭೂಗೋಳ ಓದಿದ್ದು ಅದೇ ಮೊದಲು, ಅದೇ ಕೊನೆ.

ಮರುದಿನ ಶುಕ್ರವಾರ. ಜಡ್ಜಮ್ಮ ಎಂದಿನಂತೆ ನನ್ನನ್ನು ಕರೆದು, ತಾವೇ ಜಡೆಯಂತೆ ಹೆಣೆದು ಸುಟ್ಟ ಬ್ರೆಡ್ಡಿನ ತುಂಡು ಕೊಟ್ಟರು. ಹೇಳಿಬಿಡಬೇಕೆಂದೇ ಹೋಗಿದ್ದೆ. ಆದರೆ ಬಾಯಿ ತುಂಬ ಬ್ರೆಡ್ಡಿತ್ತು. ಅದು ಮುಗಿಯುವಷ್ಟರಲ್ಲಿ ಧೈರ್ಯವೂ ಮುಗಿದಿತ್ತು.

ಸೋಮವಾರ ಅಪ್ಪನ ಕಚೇರಿಗೆ ಜವಾನನೊಬ್ಬ ಚೀಟಿ ತಂದ: ದೂರು ಕೊಟ್ಟವರು ಅಂದೇ ಮಧ್ಯಾಹ್ನ ಮಗಳನ್ನೂ ಕರೆದುಕೊಂಡು ಮಕ್ಕಳ ನ್ಯಾಯಾಲಯಕ್ಕೆ ಬರಬೇಕು.

ಕೋರ್ಟೆಂದರೆ ಎತ್ತರದ ಪೀಠ, ಕರಿ ಕೋಟು ಎಂದುಕೊಂಡಿದ್ದೆ. ಅಲ್ಲಿದ್ದದ್ದು ಶಾಲೆಯ ಕೊಠಡಿಯಂಥ ಒಂದು ಕೋಣೆ. ಮಕ್ಕಳ ಕಾಲು ನೆಲಕ್ಕೆ ತಾಕುವಂಥ ಗಿಡ್ಡ ಕುರ್ಚಿಗಳು. ಅಂಥದ್ದೊಂದರಲ್ಲೇ ಮಂಡಿ ಮಡಿಸಿಕೊಂಡು ಜಡ್ಜಮ್ಮನೂ ಕೂತಿದ್ದರು. ಪೊಲೀಸಿನವನಿಗೆ, "ಟೋಪಿ ತೆಗೀರಿ, ಮಗು ಹೆದರ್ಕೊಳ್ತಾಳೆ" ಎಂದರು. ಅಪ್ಪನಿಗೆ, "ನಾನು ನಿಮ್ಮ ಎದುರು ಮನೆಯವಳು ಅಂತ ಕಾಗದದಲ್ಲಿ ಬರೆಸಿದ್ದೀನಿ. ಬೇರೆಯವರು ವಿಚಾರಿಸಲಿ ಅನ್ನೋದಾದ್ರೆ ಈಗ್ಲೇ ಹೇಳಿ" ಎಂದರು. ಅಪ್ಪ ಬೇಡವೆಂದು ತಲೆಯಾಡಿಸಿದರು. ಮುನಿ ನನ್ನ ಕಡೆ ನೋಡಲೇ ಇಲ್ಲ. ಅವಳ ಕೂದಲನ್ನು ಬೋಳಿಸಿದಂತೆ ಕತ್ತರಿಸಿದ್ದರು.

ಜಡ್ಜಮ್ಮ ನನ್ನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು. "ಇಲ್ಲಿ ಯಾರೂ ಹೊಡೆಯಲ್ಲ. ಆ ಹಲಗೆ ಮುನಿ ಕೈಗೆ ಹೇಗೆ ಬಂತು, ನಿಂಗೆ ಗೊತ್ತಾ?"

ನಾನು ಅಪ್ಪನ ಚಪ್ಪಲಿಯನ್ನೇ ನೋಡುತ್ತಿದ್ದೆ. ಜಡ್ಜಮ್ಮ ಅವಸರ ಮಾಡಲಿಲ್ಲ. ಗಡಿಯಾರ ಕೂಡ ನೋಡಲಿಲ್ಲ. ಕೊನೆಗೆ ನನ್ನ ಬಾಯಿಂದ ಬಂತು: "ನಾನೇ ಕೊಟ್ಟೆ. ನಮ್ದೇ ಮನೆ ಅಂದೆ."

ಅಪ್ಪ ಎದ್ದು ನಿಂತರು. "ಅದು ದೇವರ ಮನೆ ಬಾಗಿಲಿಗೆ ತಂದಿದ್ದು, ಮೇಡಂ!"

"ಕೊಟ್ಟಿದ್ದನ್ನ ತಗೊಂಡ್ರೆ ಕಳ್ಳತನ ಆಗಲ್ಲ ಸಾರ್. ಮನೇಲಿ ಬಾಣಂತಿ ಇದ್ದಾಳೆ, ಅವಳಿಗೆ ಬಿಸಿನೀರು ಬೇಕು. ಮುನಿ ಹೋಮಿನಲ್ಲಿದ್ದಷ್ಟು ದಿನ ಆ ನೀರು ಯಾರು ಕಾಯ್ಸಿದ್ರು? ಅದನ್ನ ಇಲ್ಲಿ ಯಾರೂ ಕೇಳಿಲ್ಲ." ಅವರು ದನಿ ಏರಿಸಲಿಲ್ಲ. ಆದರೂ ಪೊಲೀಸಿನವನು ತೆಗೆದಿಟ್ಟಿದ್ದ ಟೋಪಿಯನ್ನು ಇನ್ನೊಂದಿಷ್ಟು ದೂರ ಸರಿಸಿದ.

ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಮಾತು ತಡವಾಗಿ ಬಂತು. ಬಂತಲ್ಲ, ಅದು ಒಳ್ಳೇದು. ಆದ್ರೆ ತಡವಾಯ್ತು ಅನ್ನೋದನ್ನ ಮರೀಬೇಡ" ಎಂದರು.

ಅಂದೇ ಸಂಜೆ ಅವರು ಕೊಡೆ ಊರಿಕೊಂಡು ಜೋಪಡಿಗೆ ಹೋಗಿ ಬಾಣಂತಿಯನ್ನು ನೋಡಿಬಂದರು. ತಿಂಗಳೊಳಗೆ ಅವರ ಮನೆ ಜಗುಲಿಯಲ್ಲಿ ಹನ್ನೆರಡು ಮಕ್ಕಳ ಶಾಲೆ ಶುರುವಾಯಿತು. ಒಂದು ವಾರ ಯಾರ ಜೊತೆಗೂ ಮಾತಾಡದಿದ್ದ ಅಪ್ಪ, ಎರಡನೆಯ ವಾರ ಒಂದು ಗಾಡಿ ಸೌದೆ ಕಳಿಸಿದರು; ಮೂರನೆಯ ವಾರ ಭಾನುವಾರದ ಮಗ್ಗಿ ಮೇಷ್ಟರಾದರು. ಆ ತೇಗದ ಹಲಗೆಗಳನ್ನೂ ಅಪ್ಪ ಜಗುಲಿ ಶಾಲೆಗೇ ಕೊಟ್ಟುಬಿಟ್ಟರು; ದೇವರ ಮನೆಗೆ ಮಾವಿನ ಮರದ ಬಾಗಿಲಾಯಿತು. ಅದು ಮಳೆಗಾಲದಲ್ಲಿ ಉಬ್ಬಿಕೊಂಡು ಮುಚ್ಚುತ್ತಲೇ ಇರಲಿಲ್ಲ. ದೇವರು ದೂರು ಕೊಡಲಿಲ್ಲ.

ಜಗುಲಿಯಿಂದ ದೊಡ್ಡ ಶಾಲೆಗೆ ಹೋದ ಮುನಿ ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾದಳು. ಈಗ ನಿವೃತ್ತಳಾಗಿ ಹುಳಿಮಾವಿನಲ್ಲಿ ಮಗಳ ಜೊತೆಗಿದ್ದಾಳೆ. ಜಡ್ಜಮ್ಮ ಕಡೆಗಾಲದಲ್ಲಿ ದಂಡಿಗೆ, ತಂಗಿಯ ಮನೆಗೆ ಹೋದರು. ಅಲ್ಲಿಗೆ ಅವರನ್ನು ನೋಡಲು ತಪ್ಪದೆ ಹೋಗುತ್ತಿದ್ದವಳು ಮುನಿಯೇ.

ಈ ಕಥೆಯನ್ನು ನನ್ನ ಮೊಮ್ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಅದರಲ್ಲಿ ನಾನು ಕೋರ್ಟಿನಲ್ಲಿ ಎದ್ದು ನಿಂತು ನಿಜ ನುಡಿದ ವೀರಬಾಲೆ. ಬಾಯಿ ಮುಚ್ಚಿಕೊಂಡಿದ್ದ ದಿನಗಳನ್ನು ಮಾತ್ರ ಜಾಣತನದಿಂದ ದಾಟಿಸಿಬಿಡುತ್ತಿದ್ದೆ. ನಿನ್ನೆ ಮೇಲಿನ ಮನೆಯಿಂದ ಇಳಿದು ಬಂದವಳು ಯಾಕೋ ಫೋನು ಕೈಗೆತ್ತಿಕೊಂಡೆ.

"ಮುನಿ, ಆವತ್ತು ನಾನು ಮೂರು ದಿನ ಸುಮ್ನಿದ್ದೆ. ಯಾಕೆ ಅಂತ ನೀನು ಯಾವತ್ತೂ ಕೇಳ್ಲಿಲ್ಲ."

ಆ ಕಡೆ ಮುನಿ ಸಣ್ಣಗೆ ನಕ್ಕಳು.

"ನಾಲ್ಕು ದಿನ ಕಣಕ್ಕ," ಎಂದಳು.