ಅತ್ತೆಯ ಮಣೆ ಮತ್ತು ಕೆಂಪು ಪಿನ್ನು

ಖಂಡೆಪೂಜೆಯ ದಿನ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ತಿಕೋಟಾದ ನಮ್ಮ ಅತ್ತೆಯ ಮನೆಯಲ್ಲಿ, ಒಂದು ಕೆಂಪು ಪಿನ್ನಿಗೆ ಜಾಗ ಸಿಗಲಿಲ್ಲ. ಅನರ್ಥ ಶುರುವಾದದ್ದು ಅಲ್ಲಿಂದ. ಡಿವಿಡಿ ಪ್ಲೇಯರಿನಿಂದ ಹೊರಡುವ ವೈರಿಗೆ ಹಳದಿ, ಬಿಳಿ, ಕೆಂಪು ಎಂದು ಮೂರು ಬಾಲಗಳಿರುವುದನ್ನು ನೀವೂ ನೋಡಿರುತ್ತೀರಿ. ಹಳದಿ ಚಿತ್ರಕ್ಕೆ, ಉಳಿದೆರಡು ಧ್ವನಿಗೆ. ಅತ್ತೆಯ ಹಳೆಯ ಡಬ್ಬಿ ಟಿ.ವಿ.ಯ ಬೆನ್ನಿಗೆ ಇದ್ದದ್ದು ಎರಡೇ ತೂತು. ಕೆಂಪನ್ನು ಅದರ ಪಾಡಿಗೆ ಬಿಟ್ಟರೂ ಹಾಡು ಕೇಳಿಸುತ್ತದೆಂಬುದು ಮನೆಯಲ್ಲಿ ಯಾರಿಗಾದರೂ ಗೊತ್ತಿರಬೇಕಿದ್ದರೆ ಅದು ನನಗೆ, ಏಕೆಂದರೆ ವಿಜಯಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ ಪ್ರಥಮ ದರ್ಜೆಯಲ್ಲಿ ಪಾಸಾದವಳು ನಾನೊಬ್ಬಳೇ. ಆ ಪ್ರಥಮ ದರ್ಜೆಯೇ ಗಂಡನಿಗೆ ಹೇಳಿತು: “ಮೂರನೇದೂ ಎಲ್ಲೋ ಇರ್ತೈತ್ರಿ. ಹಿಂದ ಒಳಗ ಕೈ ಹಾಕಿ ನೋಡ್ರಿ.”

ಡಿವಿಡಿಯ ಹಟ ಅತ್ತೆ ಶಾಂತವ್ವನದು. ನಮ್ಮ ನಾದಿನಿಯ ಮದುವೆಯಲ್ಲಿ ಅವರು ಬೀಗರ ಹಾಡಿನ ಹನ್ನೊಂದೂ ಬೈಗುಳದ ನುಡಿಗಳನ್ನು ತಡೆಯಿಲ್ಲದೆ ಹಾಡಿ, ಬಬಲೇಶ್ವರದ ಬೀಗರನ್ನು ಹಣ್ಣುಗಾಯಿ ಮಾಡಿದ್ದರೆಂಬುದು ತಿಕೋಟಾದ ಇತಿಹಾಸ. ಶಾಂತವ್ವ ಏಳನೆಯ ನುಡಿಯಲ್ಲಿ ಮರೆತು ನಿಂತರೆಂಬುದು ಬಬಲೇಶ್ವರದ ಇತಿಹಾಸ. ಈ ಎರಡನೆಯದನ್ನು ಬರೆದವರು ನಾದಿನಿಯ ಅತ್ತೆ, ಬೀಗತಿ ಗೌರವ್ವ. ಹದಿನೈದು ವರ್ಷದ ಈ ವ್ಯಾಜ್ಯಕ್ಕೆ ಸಾಕ್ಷಿಯಾಗಿ ಮದುವೆಯ ಡಿವಿಡಿ ಟ್ರಂಕಿನಲ್ಲಿತ್ತು. ಮರುದಿನ ಬನ್ನಿ ಕೊಡಲು ಗೌರವ್ವ ಬರುವವರಿದ್ದರು. “ಬರ್ಲಿ ಬೇ, ಕಣ್ಣಿಗೇ ಕಾಣೂಹಂಗ ತೋರಸ್ತೇನಿ,” ಎಂದು ಅತ್ತೆ, ವಿಜಯಪುರದ ನಮ್ಮ ಮನೆಯ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ಪ್ಲೇಯರನ್ನು ತರಿಸಿಕೊಂಡಿದ್ದರು.

ಖಂಡೆಪೂಜೆಯೆಂದರೆ ಮನೆಯಲ್ಲಿ ದುಡಿಯುವ ವಸ್ತುಗಳಿಗೆಲ್ಲ ಅಂದು ಸ್ನಾನ. ಕುಡಗೋಲು, ಸಲಿಕೆ, ಮೋಟರ್‌ಸೈಕಲ್, ಹೊಲಿಗೆ ಯಂತ್ರ ಇವೆಲ್ಲ ಸರಿ; ಟಿ.ವಿ.ಯೂ ದುಡಿಯುವ ವಸ್ತುವೇ ಎಂದು ತೀರ್ಮಾನಿಸಿ, ಬೆಳಿಗ್ಗೆ ಅದಕ್ಕೂ ಒದ್ದೆ ಬಟ್ಟೆಯ ಅಭ್ಯಂಜನ ಮಾಡಿಸಿದವಳು ನಾನು. ಅದರ ಕರೆಂಟಿನ ವೈರಿನ ರಬ್ಬರು ಬಿರುಕುಬಿಟ್ಟು ತಾಮ್ರ ಹಲ್ಲು ಕಿರಿಯುತ್ತಿದ್ದುದು ನನ್ನ ಕಣ್ಣಿಗೆ ಬೀಳಲಿಲ್ಲ. ತೊಳೆದ ನೆಲ ಇನ್ನೂ ಆರಿರಲಿಲ್ಲ. ನಮ್ಮವರು ಬರಿಗಾಲಲ್ಲಿದ್ದರು.

ಕೈ ಹಾಕಿದರು. “ಸಿಕ್ಕಿತ ನೋ...” ಎಂದವರು ಮಾತು ಮುಗಿಸಲಿಲ್ಲ. ಮೈ ಸೆಟೆದು ನಿಂತಿತು, ಹಲ್ಲು ಕಚ್ಚಿದ್ದವು, ಕಣ್ಣು ನನ್ನನ್ನು ನೋಡುತ್ತಿದ್ದವು, ಆದರೆ ಕರೆಯುತ್ತಿರಲಿಲ್ಲ. ನಾನು ಓಡಿಹೋಗಿ ಭುಜ ಹಿಡಿದೆಳೆಯಲು ಕೈ ಚಾಚಿದೆ. ನನ್ನ ಬೆರಳಿಗೂ ಅವರ ಅಂಗಿಗೂ ನಡುವೆ ಒಂದು ಗೇಣು ಉಳಿದಿತ್ತು. ಆ ಗೇಣನ್ನು ನಾನು ಇಂದಿಗೂ ಅಳೆಯುತ್ತಿದ್ದೇನೆ: ರೊಟ್ಟಿ ಬಡಿಯುವಾಗ, ಬಸ್ಸಿನಲ್ಲಿ ಕೂತಾಗ, ಈಗ ಈ ಸಾಲು ಬರೆಯುವಾಗಲೂ.

“ಮುಟ್ಟಬ್ಯಾಡ ಬೇ!”

ಆ ಕೂಗಿಗೆ ನನ್ನ ಕೈ ಅಲ್ಲೇ ನಿಂತಿತು. ಅತ್ತೆ ಪೂಜೆಗೆ ಸಿದ್ಧಪಡಿಸಿದ್ದ ಮಣೆಯನ್ನು ಕಾಲಿನಿಂದಲೇ ನೂಕಿಕೊಂಡು ಬಂದರು. ಅದರ ಮೇಲಿದ್ದ ಕುಡಗೋಲು ಖಣಖಣ ಉರುಳಿತು. ಒಣ ಮಣೆಯ ಮೇಲೆ ಎರಡೂ ಕಾಲು ಊರಿ ನಿಂತು, ಎಮ್ಮೆ ಹೊಡೆಯುವ ಬಡಿಗೆಯಿಂದ ಮಗನ ಮುಂಗೈಗೆ ಒಂದೇ ಒಂದು ಬಾರಿಸಿದರು. ಕೈ ಕಳಚಿತು, ಮಗ ಹಿಂದಕ್ಕೆ ಬಿದ್ದ. ಅದೇ ಬಡಿಗೆಯ ತುದಿಯಿಂದ ಸ್ವಿಚ್ಚು ಆರಿಸಿ, ನೆಲಕ್ಕೆ ಕೂತು ಮಗನ ಎದೆಯ ಮೇಲೆ ಕೈಯಿಟ್ಟರು. “ಉಸರ ತಗೋ ಲೇ ಬಸ್ಯಾ. ತಗೋ ನನ ಮಗನ, ತಗೋ.”

ಬಸ್ಯಾ ಉಸಿರು ತಗೊಂಡರು. ಮೊದಲ ಮಾತು: “ಯವ್ವಾ, ಕರೆಂಟ ಬಿಟ್ಟರೂ ನಿನ್ನ ಏಟ ಬಿಡವಲ್ದಲ್ಲ.”

ವಿಜಯಪುರದ ಆಸ್ಪತ್ರೆಯಲ್ಲಿ ಅವರ ಎದೆಯ ಬಡಿತವನ್ನು ಕಾಗದಕ್ಕಿಳಿಸಿ ನೋಡಿದ ಡಾಕ್ಟರು ಎಲ್ಲ ಸರಿಯಿದೆಯೆಂದರು. ಬೆರಳಿನ ಸುಟ್ಟಗಾಯಕ್ಕಿಂತ ಮುಂಗೈಯ ಬಾವೇ ದೊಡ್ಡದಿತ್ತು. ಇದನ್ನೆಲ್ಲ ಎಲ್ಲಿ ಕಲಿತಿರೆಂದು ದಾರಿಯಲ್ಲಿ ಕೇಳಿದೆ. “ದ್ರಾಕ್ಷಿ ತ್ವಾಟದಾಗ ಮೋಟರ್ ಕೂಡಿಸಿದಾಗ ಲೈನಮನ್ ಹೇಳಿದ್ದ. ಹಿಡದಾಂವನ್ನ ಹಿಡೀಬಾರದು, ಒಣಾ ಕಟಗಿ ಹಿಡೀಬೇಕಂತ. ನಿಮ್ಮ ಕಾಲೇಜಿನ್ಯಾಗ ಇದನ್ನ ಹೇಳಂಗಿಲ್ಲೇನ ಬೇ?” ಹೇಳಿದ್ದರು. ಒಣ ಮರ ವಿದ್ಯುತ್ ನಿರೋಧಕವೆಂದು ನಾನು ಪರೀಕ್ಷೆಯಲ್ಲಿ ಚಿತ್ರಸಮೇತ ಬರೆದಿದ್ದೆ. ಆ ವಿದ್ಯೆ ಉತ್ತರಪತ್ರಿಕೆಯಲ್ಲೇ ಉಳಿದುಬಿಟ್ಟಿತ್ತು; ಮೂರನೆಯ ಇಯತ್ತೆಗೆ ಸಾಲೆ ಬಿಟ್ಟ ಅತ್ತೆಗೆ ಅದು ಕಾಲಿಗೇ ಗೊತ್ತಿತ್ತು. ಸಂಜೆ ಮನೆಗೆ ಮರಳಿ ತಡವಾಗಿ ಪೂಜೆ ಮಾಡಿದಾಗ ಕುಡಗೋಲಿನ ಪಕ್ಕದಲ್ಲಿ ಆ ಬಡಿಗೆಗೂ ಅರಿಶಿನ, ಕುಂಕುಮ ಬಿತ್ತು. ಹಚ್ಚಿದವಳು ನಾನು, ಊರಿಗೇ ಕಾಣಲೆಂದು ಕೊಂಚ ದೊಡ್ಡದಾಗಿಯೇ.

ಆದರೆ ನಿದ್ದೆ ಮನೆ ಬಿಟ್ಟು ಹೋಗಿತ್ತು. ಕಣ್ಣು ಮುಚ್ಚಿದರೆ ಆ ಗೇಣು. ನಾನೆದ್ದು ಸ್ವಿಚ್ಚುಗಳನ್ನು ಮುಟ್ಟದೆ ನೋಡಿ ಬರುವಷ್ಟರಲ್ಲಿ ಅತ್ತೆ ಮಗನ ಮೂಗಿನ ಮುಂದೆ ಬೆರಳು ಹಿಡಿದು ಕೂತಿರುತ್ತಿದ್ದರು. ಮಗನೋ, ನಿದ್ದೆಯ ನಟನೆ ಮಾಡುತ್ತ ನಮ್ಮಿಬ್ಬರಿಗಾಗಿ ಜೋರಾಗಿ ಉಸಿರಾಡುತ್ತಿದ್ದರು.

ಬನ್ನಿ ಕೊಡಲು ಬಂದ ಗೌರವ್ವ ಸುದ್ದಿ ಕೇಳಿ ಹುಣ್ಣಿಮೆಯವರೆಗೂ ಉಳಿದರು. ಕಣ್ಣೊರೆಸಿಕೊಂಡ ಮರುಕ್ಷಣವೇ, “ದೇವರ ಮಣಿ ಮ್ಯಾಲ ನಿಂತೀರಲ್ರೀ ಬೀಗತ್ರಿ, ಇನ್ ನಿಮಗೂ ಉದಿನಕಡ್ಡಿ ಹಚ್ಚಬೇಕೇನ?” ಎಂದರು. “ಹಚ್ರಿ, ಸೆರಗ ಜ್ವಾಕಿ,” ಎಂದರು ಅತ್ತೆ.

ಸೀಗೆ ಹುಣ್ಣಿಮೆಯ ದಿನ ಸೊಲ್ಲಾಪುರ ರಸ್ತೆಯ ರಿಪೇರಿ ಅಂಗಡಿಯ ಚಾಚಾ ಬಂದು ಟಿ.ವಿ.ಗೆ ಹೊಸ ವೈರು ಹಾಕಿದರು. ಹಳದಿ, ಬಿಳಿ ಸಿಕ್ಕಿಸಿ, “ಕೆಂಪ ಬಿಟ್ಟಬಿಡ್ರಿ ಅಕ್ಕಾರ, ಅದಿಲ್ದನೂ ನಡೀತೈತಿ,” ಎಂದರು. ಅಷ್ಟೇ ಮಾತು! ಮಧ್ಯಾಹ್ನ ಎಲ್ಲರೂ ಚಪ್ಪಲಿ ಮೆಟ್ಟಿಕೊಂಡೇ ಟಿ.ವಿ. ಮುಂದೆ ಕೂತೆವು.

ಪರದೆಯ ಮೇಲೆ ಅತ್ತೆ ಹಾಡುತ್ತಿದ್ದರು. ಐದನೆಯ ನುಡಿ, ಆರನೆಯ ನುಡಿ. ಏಳನೆಯದರ ನಡುವೆ ಹಾಡು ತಟ್ಟನೆ ನಿಂತಿತು. ಗೌರವ್ವ ತೊಡೆ ತಟ್ಟಿಕೊಂಡರು. “ನಿಂತ್ರಿಲ್ಲೋ? ಈಗರೆ ಒಪ್ಪರಿ!” ಅತ್ತೆಯ ಮುಖ ಬಾಡಿತು. ನಮ್ಮವರು ಬಾವು ಇಳಿದ ಕೈಯಿಂದ ರಿಮೋಟು ಒತ್ತಿ, ಚಿತ್ರವನ್ನು ಹಿಂದಕ್ಕೆ ಓಡಿಸಿ ಮತ್ತೆ ತೋರಿಸಿದರು.

ಕ್ಯಾಮೆರಾ ಬೀಗತಿಯ ಕಡೆ ತಿರುಗಿತ್ತು. ಗೌರವ್ವ ಬಿದ್ದುಬಿದ್ದು ನಗುತ್ತಿದ್ದರು. ಅವರ ಸೆರಗು ಜಾರಿ ಆರತಿಯ ತಟ್ಟೆಯ ದೀಪಕ್ಕೆ ಇನ್ನೇನು ತಾಗಲಿತ್ತು, ನಡುವೆ ಒಂದು ಗೇಣೂ ಇರಲಿಲ್ಲ. ಹಾಡು ನಿಂತಿತು. ಪರದೆಯ ಅಂಚಿನಿಂದ ಹಸಿರು ಬಳೆಯ ಕೈಯೊಂದು ಬಂದು ಸೆರಗನ್ನು ಸರಕ್ಕನೆ ಎಳೆದು ಮಾಯವಾಯಿತು. ಗೌರವ್ವ ತಿರುಗಿಯೂ ನೋಡಲಿಲ್ಲ.

ಆ ಹಸಿರು ಬಳೆಗಳಲ್ಲಿ ಎರಡು ಈಗಲೂ ಅತ್ತೆಯ ಕೈಯಲ್ಲಿದ್ದವು.

“ನನಗ ನೆಪ್ಪೇ ಇದ್ದಿಲ್ಲ ನೋಡ್ರಿ,” ಎಂದರು ಅತ್ತೆ, ತಪ್ಪಿತಸ್ಥರ ಹಾಗೆ. “ನಿಂತದ್ದು ಖರೆ. ಸೋತೆ.”

ಗೌರವ್ವ ತಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ, “ಉಳದದ್ದು ಈಗ ಹಾಡ್ರಿ, ಬೀಗತ್ರಿ. ಎಷ್ಟ ಬೈತೀರಿ ಬೈರಿ,” ಎಂದರು.

ಅತ್ತೆ ಹಾಡಿದರು, ಹನ್ನೊಂದನೆಯ ನುಡಿಯವರೆಗೆ, ತಡೆಯಿಲ್ಲದೆ. ಅಂದು, ಸೀಗೆ ಹುಣ್ಣಿಮೆಯ ದಿನ, ನಮ್ಮ ಮನೆಯ ಮಂದಿಯೆಲ್ಲ ದೀಪ ಆರಿಸಿ ಮಲಗಿದವರು ಬೆಳಗಾದ ಮೇಲೆಯೇ ಎದ್ದೆವು. ಟಿ.ವಿ.ಯ ಹಿಂದೆ ಕೆಂಪು ಪಿನ್ನು ತನ್ನ ಪಾಡಿಗೆ ತೂಗುತ್ತಿತ್ತು.