ಊರಲ್ಲಿಲ್ಲದವರು

ನಮ್ಮ ಡಾಕ್ಟರಬಾಯಿಯವರ ಬೆರಳುಗಳು ಸುಡುಬೇಸಿಗೆಯಲ್ಲೂ ತಣ್ಣಗಿರುತ್ತಿದ್ದವು. ದಿನವಿಡೀ ರಕ್ತದ ಬಾಟಲಿಗಳನ್ನು ಐಸ್ ಡಬ್ಬಿಯಲ್ಲಿ ಇಟ್ಟು ತೆಗೆಯುವ ಕೈ. ಅವರು ಮುಂಗೈ ಹಿಡಿದರೆ ಕಮತಗಿಯ ಹೆಂಗಸರು ಬೆಚ್ಚಿಬೀಳುತ್ತಿದ್ದರು. "ಅಂಜಬ್ಯಾಡ್ರೆವ್ವಾ, ಇನ್ನೂ ಜೀವಂತ ಅದೇನಿ" ಎಂದು ಅವರು ನಗುತ್ತಿದ್ದರು. ನನಗೆ ಅವರೆಂದರೆ ಪ್ರಾಣ. ಆ ನಗೆ ಮಾತ್ರ ಸೇರುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಗೆ, ಬಾವಿ ನೀರಿನಿಂದ ಎಲುಬು ಸೊಟ್ಟಗಾಗುವ ರೋಗದ ಅಧ್ಯಯನಕ್ಕೆಂದು ಹುನಗುಂದದ ನಮ್ಮ ದವಾಖಾನೆಗೆ ಕಂಪ್ಯೂಟರ್ ಬಂತು. ನಾನು ಅದರ ಟೈಪಿಸ್ಟ್. ಊರೂರಿನಿಂದ ತಂದ ರಕ್ತ, ನೀರು, ಬಾಗಲಕೋಟೆಯಿಂದ ಬರುವ ಪರೀಕ್ಷೆಯ ಫಲ, ಎಲ್ಲವನ್ನೂ ಅದರೊಳಗಿನ ಪ್ರೋಗ್ರಾಂ ಒಬ್ಬೊಬ್ಬರ ಹೆಸರಿಗೆ ಜೋಡಿಸುತ್ತಿತ್ತು. ತಿಂಗಳಿಗೊಮ್ಮೆ, ರಕ್ತ ಕೊಡಬೇಕಾದವರ ಹೆಸರನ್ನು ಹಸಿರು ಅಕ್ಷರಗಳಲ್ಲಿ ತಾನೇ ಕರೆಯುತ್ತಿತ್ತು. ರಕ್ತ ಬರದಿದ್ದರೆ ಕಾರಣ ಕೇಳುತ್ತಿತ್ತು: ಊರಲ್ಲಿಲ್ಲ, ಒಪ್ಪಲಿಲ್ಲ, ತೀರಿಕೊಂಡರು. ಕೊನೆಯದನ್ನು ಒತ್ತಿದರೆ ಆ ಹೆಸರು ಮತ್ತೆ ಬರುತ್ತಿರಲಿಲ್ಲ. ಜನರ ಅಂಜಿಕೆ ಬಿಡಿಸಲು ಡಾಕ್ಟರಬಾಯಿ ತಮ್ಮ ರಕ್ತವನ್ನೇ ಮೊದಲು ಕೊಟ್ಟಿದ್ದರಿಂದ ಮೊದಲ ಹೆಸರು ಅವರದೇ.

ರಾಮಥಾಳದ ಒಬ್ಬ ಹುಡುಗಿ ಜ್ವರದಿಂದ ತೀರಿಕೊಂಡಳು. ನಮಗೆ ಸುದ್ದಿ ಇರಲಿಲ್ಲ. ಎಂದಿನಂತೆ ಕರೆ ಕಳಿಸಿದೆವು. ಅವಳ ತಾಯಿ ಬಂದು ತೋಳು ಚಾಚಿ ಕುಳಿತಳು.

"ಮಗಳನ್ನ ಕರದೀರಂತ. ಆಕಿ ಬರಂಗಿಲ್ರಿ, ಮಣ್ಣ ಮಾಡೇವಿ. ನಂದ ತಗೊಳ್ರಿ. ಆಕಿ ಮೈಯಾಗಿದ್ದದ್ದು ನನ್ನ ರಕ್ತ ಅಲ್ಲೇನ್ರಿ?"

"ಒಂದು ಬಾಟ್ಲಿ ಸುಳ್ಳಾದ್ರ ಇಡೀ ಊರ ಸುಳ್ಳಾಕ್ಕೈತಿ" ಎನ್ನುವುದು ಡಾಕ್ಟರಬಾಯಿಯವರ ಮಾತು. ಅವರು ಸೂಜಿ ಮುಟ್ಟಲಿಲ್ಲ. ಮೆತ್ತಗೆ ನನಗೆ, "ತೀರಿಕೊಂಡ್ಳು ಅಂತ ಹಾಕವ್ವಾ" ಎಂದರು.

ತಾಯಿಗೆ ಅರ್ಥವಾಯಿತು. ಕಂಪ್ಯೂಟರಿನತ್ತ ಕೈ ಮಾಡಿದಳು. "ಎಲ್ಲಾರೂ ಆಕೀನ ಮರತಾರ್ರಿ. ಇದೊಂದ ಕರೀತೈತಿ. ಇದರ ಬಾಯಿ ಮುಚ್ಚಬ್ಯಾಡ್ರಿ."

ನಾನು ಒತ್ತಿದೆ. ಆ ಗಳಿಗೆಗೇ ಕರೆಂಟ್ ಹೋಯಿತು. ಉಳಿಸುವ ಮೊದಲೇ ಹೋದರೆ ಉತ್ತರ ಅಳಿಸಿಹೋಗುತ್ತದೆ, ಅದು ನನಗೂ ಗೊತ್ತಿತ್ತು. ಆದರೂ ಕರೆಂಟ್ ಬಂದು ನಾನು ಯಂತ್ರ ಹಚ್ಚಿದಾಗ, ಆ ಹುಡುಗಿಯ ಹೆಸರು ಮತ್ತೆ ಮೂಡಿದ್ದು ಕಂಡು ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ. ನಾನು ಹೆಸರನ್ನು ಓದಿದೆ.

"ಓ" ಎಂದಳು ತಾಯಿ. ಅದು ಆಕೆಯ ದನಿಯಲ್ಲ. ಅಂಗಳದಲ್ಲಿ ಆಡುವ ಮಗುವಿನ ದನಿ.

ಡಾಕ್ಟರಬಾಯಿ ತಾಯಿಯ ಚಾಚಿದ ತೋಳನ್ನು ಮೆಲ್ಲಗೆ ಮಡಿಚಿದರು. "ಊರಾಗ ಇಲ್ಲ ಅಂತ ಹಾಕು" ಎಂದರು. "ಅದೂ ಖರೇನ ಐತಿ."

ಆಮೇಲೆ ಆ ತಾಯಿ ತಿಂಗಳು ತಪ್ಪದೆ ಬಂದಳು. ಹೆಸರು ಓದಿದರೆ "ಓ" ಎನ್ನುವಳು, ಡಾಕ್ಟರಬಾಯಿ ಕೊಟ್ಟ ಚಹಾ ಕುಡಿದು ರಾಮಥಾಳದ ದಾರಿ ಹಿಡಿಯುವಳು. ನನಗೆ ಮೊದಮೊದಲು ಹೆದರಿಕೆ, ಬರಬರುತ್ತ ಆಕೆ ತಡವಾದರೆ ಕಳವಳ.

ಒಂದು ಮಳೆಗಾಲದಲ್ಲಿ ಡಾಕ್ಟರಬಾಯಿಯವರ ಎದೆಬಡಿತ ನಿಂತುಹೋಯಿತು. ನಾನು ಹೋಗಿ ಕೈ ಮುಟ್ಟಿ ನೋಡಿದೆ. ಎಂದಿನಷ್ಟೇ ತಣ್ಣಗಿತ್ತು. ಅದಕ್ಕೇ ಇರಬೇಕು, ಅಳು ಬರಲಿಲ್ಲ.

ಮುಂದಿನ ತಿಂಗಳು ಯಂತ್ರ ಹಚ್ಚಿದೆ. ಮೊದಲ ಹೆಸರು ಅವರದು. ಯಂತ್ರ ಕಾರಣ ಕೇಳುತ್ತಿತ್ತು. ರಾಮಥಾಳದ ತಾಯಿ ಆಗಲೇ ಬಂದು ನನ್ನ ಹಿಂದೆ ನಿಂತಿದ್ದಳು. ಅಕ್ಷರ ಬಾರದ ಆಕೆಗೆ ನನ್ನ ಮುಖ ನೋಡಿಯೇ ತಿಳಿಯಿತು. ನನ್ನ ಹೆಗಲ ಮೇಲೆ ಕೈ ಇಟ್ಟಳು.

"ಕರೀಲಿಕ್ಕತ್ತೈತಿ. ಓ ಅನ್ನವ್ವಾ."

ನಾನು ಹೆಸರನ್ನು ಗಟ್ಟಿಯಾಗಿ ಓದಿ, "ಓ" ಎಂದೆ. ಆಗ ಅಳು ಬಂತು.