ಗೇಕ್ ಚೂ ಕೊಟ್ಟ ಕೆಂಪು ಲಕೋಟೆ

ಪೆನಾಂಗಿನ ಗೇಕ್ ಚೂಗೆ ಆಗ ಅರವತ್ತೆರಡು ವರ್ಷ. ಹದಿನಾಲ್ಕನೇ ವಯಸ್ಸಿನಿಂದ ಕೆಂಪು ಕಾಗದ ಕತ್ತರಿಸಿ, ಮಡಿಸಿ, ಗಂಜಿ ಹಚ್ಚಿ, ಚೀನೀ ಹೊಸವರ್ಷಕ್ಕೆ ದುಡ್ಡು ಹಾಕಿ ಕೊಡುವ ಲಕೋಟೆಗಳನ್ನು ಮಾಡಿಯೇ ಹೊಟ್ಟೆ ಹೊರೆದವಳು. ಅಪ್ಪ ಸತ್ತ ಮೇಲೆ ತಮ್ಮ ಬೂನ್ ಕಿಯಾಟ್‌ನನ್ನು ಓದಿಸಿದ್ದೂ ಅದರಲ್ಲೇ. ಅವನ ಮದುವೆ ಮುಗಿಸುವ ಹೊತ್ತಿಗೆ ಅವಳ ಮದುವೆಯ ಮಾತನ್ನು ಎಲ್ಲರೂ ಮರೆತಿದ್ದರು.

ಲಕೋಟೆ ಕೊಡುವವರು ಮದುವೆಯಾದವರು. ಆಗದವರು ಎಷ್ಟು ನರೆತರೂ ಮಕ್ಕಳ ಸಾಲಿನಲ್ಲೇ. ಹಾಗಾಗಿ ತಾನು ಮಾಡಿದ ಲಕೋಟೆಯನ್ನು ಅವಳು ಪ್ರತಿವರ್ಷ ತಮ್ಮನ ಹೆಂಡತಿ ಸ್ವೀ ಇಮ್ ಕೈಯಿಂದ ಈಸಿಕೊಳ್ಳುತ್ತಿದ್ದಳು.

ಆ ವರ್ಷ ತಮ್ಮನ ಮನೆಗೆ ಹೊಸ ಸೊಸೆ ಬಂದಿದ್ದಳು. ಹಬ್ಬದ ದಿನ ನೆಂಟರ ಮಕ್ಕಳಿಗೆಲ್ಲ ಹಂಚಿ, ಕೊನೆಗೆ ಗೇಕ್ ಚೂಗೂ ಒಂದು ಲಕೋಟೆ ಚಾಚಿದಳು.

"ತಗೊಳ್ಳಿ ಅತ್ತೆ. ಈ ವರ್ಷನಾದ್ರೂ ಒಳ್ಳೇ ಗಂಡು ಸಿಗ್ಲಿ."

ಎಲ್ಲರೂ ನಕ್ಕರು. ಬೂನ್ ಕಿಯಾಟ್ ಹೊಟ್ಟೆ ಹಿಡಿದುಕೊಂಡು ನಕ್ಕ. ಗೇಕ್ ಚೂಗೆ ಆ ಹುಡುಗಿಯ ಮೇಲೆ ಸಿಟ್ಟು ಬರಲಿಲ್ಲ. ತಮ್ಮನ ನಗು ಮಾತ್ರ ಮೈಗೆಲ್ಲ ಬೆಂಕಿ ಹಚ್ಚಿತು. ಕೈಚೀಲದಲ್ಲಿ ಖಾಲಿ ಲಕೋಟೆಗಳಿದ್ದವು. ಒಂದೊಂದಕ್ಕೂ ಹತ್ತು ರಿಂಗಿಟ್‌ನ ನೋಟು ತುರುಕಿ ಮಕ್ಕಳತ್ತ ಹಿಡಿದಳು.

ಸ್ವೀ ಇಮ್ ಮಗುವೊಂದರ ಕೈ ಹಿಂದಕ್ಕೆಳೆದಳು. "ಏನಕ್ಕ ಇದು? ಮದುವೆ ಆಗ್ದೋರ ಕೈಯಿಂದ ಮಕ್ಕಳು ಇಸ್ಕೋಬಾರ್ದು."

"ನಿನ್ನ ಗಂಡನ ಸ್ಕೂಲ್ ಫೀಸು ಕಟ್ಟಿದ್ದು ಇದೇ ಕೈ. ಆಗ ಆಗ್ತಿತ್ತಾ?"

"ಹಬ್ಬದ ದಿನ ಯಾಕಕ್ಕ ರಂಪ?" ಎಂದ ಬೂನ್ ಕಿಯಾಟ್. "ಈ ಪದ್ಧತಿ ನಾನು ಮಾಡಿದ್ದಾ?"

"ಪದ್ಧತಿ ನೀನು ಮಾಡ್ಲಿಲ್ಲ ಕಣೋ. ನೀನು ನಕ್ಕೆ."

ಅಡುಗೆಮನೆಯಿಂದ ತಮ್ಮನ ಮಗಳು ಹ್ವೀ ಪೆಂಗ್ ಬಂದಳು. ಮೂವತ್ಮೂರು ವರ್ಷ, ಅವಳಿಗೂ ಮದುವೆಯಾಗಿರಲಿಲ್ಲ. ಒದ್ದೆ ಕೈಗಳನ್ನು ಒರೆಸಿಕೊಂಡು ಎರಡನ್ನೂ ಚಾಚಿದಳು.

"ನಂಗೆ ಕೊಡು ಅತ್ತೆ."

"ನಿಂಗೂ ಹೀಗೇ ಆಗುತ್ತೆ, ನೋಡ್ತಿರು," ಎಂದು ಸ್ವೀ ಇಮ್ ಹಲ್ಲು ಕಡಿದಳು.

"ಆದ್ರೆ ಆಗ್ಲಿ ಬಿಡಮ್ಮ."

ಗೇಕ್ ಚೂ ಒಂದು ಲಕೋಟೆ ಕೊಟ್ಟಳು. ಊಟಕ್ಕೆ ನಿಲ್ಲಲಿಲ್ಲ. ತಮ್ಮ ಗೇಟಿನವರೆಗೆ ಬಂದು ಕರೆದರೂ ತಿರುಗಲಿಲ್ಲ.

ಮರುವರ್ಷ ಸ್ವೀ ಇಮ್ ಲಕೋಟೆಗೆ ಹೇಳಿಕಳಿಸಿದಾಗ ಗೇಕ್ ಚೂ, "ಖಾಲಿ ಲಕೋಟೆ ಬ್ಯಾಂಕಲ್ಲಿ ಪುಕ್ಕಟೆ ಕೊಡ್ತಾರೆ, ತಗೋ," ಎಂದಳು. ಈಗ ಏಳು ವರ್ಷದಿಂದ ಆ ಮನೆ ಹೊಸ್ತಿಲು ತುಳಿದಿಲ್ಲ. ಹಬ್ಬದ ಬೆಳಿಗ್ಗೆ ಹ್ವೀ ಪೆಂಗ್ ಮಾತ್ರ ಶುಭಕ್ಕೆಂದು ಎರಡು ಕಿತ್ತಳೆ ಹಿಡಿದು ಬರುತ್ತಾಳೆ.

"ಸಿಟ್ಟು ಇಳೀಲಿಲ್ವಾ ಅತ್ತೆ?" ಎಂದು ಒಮ್ಮೆ ಕೇಳಿದ್ದಳು.

"ಯಾಕೆ ಇಳೀಬೇಕು?" ಎಂದು ಗೇಕ್ ಚೂ ಅವಳಿಗೆ ಚಹಾ ಬಗ್ಗಿಸಿದ್ದಳು.